ರಾತ್ರಿ ಉಳಿದ ಅನ್ನ: ನಾವು ಉಣ್ಣಬಹುದೇ? ಹಸುವಿಗೆ ಹಾಕಬಹುದೇ?

(ಹಾಲು ಉತ್ಪಾದಕರ ಮಹಿಳಾ ಸಹಕಾರ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂಥ ಶಿಬಿರಗಳಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು, ಕರುಗಳ ಪಾಲನೆ ಇವುಗಳ ಬಗ್ಗೆ ಮಾತನಾಡುತ್ತೇನೆ. ಇಂದು ಕೊಟ್ಟಿಗೆ ಬಿಟ್ಟು ಸ್ವಲ್ಪ ಹೊತ್ತು ಅಡುಗೆ ಮನೆಯ ವಿಷಯ ಮಾತನಾಡುತ್ತೇನೆ. ಕಳೆದ ಶಿಬಿರದ ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಡಾಕ್ಟ್ರೇ, ರಾತ್ರಿ ಅನ್ನ ಬೆಳಿಗ್ಗೆ ಉಂಡ್ರೆ ಏನೂ ಆಗಲ್ವಾ? ನಾವು ಉಣ್ಣದಿದ್ರೆ ಹಸುವಿಗೆ ಹಾಕ್ತೀವಿ, ಅದು ಸರೀನಾ?" ಎಂದು ಕೇಳಿದರು. ಅಂದು ಸಮಯ ಮುಗಿದಿತ್ತು. ಇದು ಪ್ರತಿ ಮನೆಯ ಪ್ರಶ್ನೆಯಾದ್ದರಿಂದ ಇಂದು ಅದಕ್ಕೇ ಉತ್ತರ ಹೇಳುತ್ತೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಯಿಸಿದ ಅನ್ನ, ಸಾರು, ಪಲ್ಯ ಇವು ರಾತ್ರಿಯಿಡೀ ಹೊರಗೆ ಹಾಗೆಯೇ ಇದ್ದರೆ ಊಟಕ್ಕೆ ಸುರಕ್ಷಿತವಲ್ಲ. ಬೆಳಿಗ್ಗೆ ಕುದಿಸಿದ ಮಾತ್ರಕ್ಕೆ, ಒಗ್ಗರಣೆ ಹಾಕಿದ ಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ. ಅದನ್ನೇ ಹಸುವಿಗೆ ಒಮ್ಮೆಲೇ ಸುರಿದರೆ ಹಸುವಿನ ಪ್ರಾಣಕ್ಕೇ ಅಪಾಯ. ಹೀಗೇಕೆ, ಉಳಿದದ್ದನ್ನು ಏನು ಮಾಡಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ನಮ್ಮ ಮನೆಯಲ್ಲಿ ನಡೆದದ್ದು

ನಾನಾಗ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಅಕ್ಕನ ಮದುವೆಯಾಗಿ ಮನೆಯಲ್ಲಿ ಬೀಗರ ಊಟ ಇಟ್ಟುಕೊಂಡಿದ್ದೆವು. ಸಂಜೆ ಬೇಯಿಸಿದ ಅನ್ನವನ್ನು ಚಾಪೆಯ ಮೇಲೆ ರಾಶಿ ಹಾಕಿ, ಮೇಲೆ ಪಂಚೆ ಮುಚ್ಚಿದ್ದರು. ಮಳೆ ಬಂದು ಜನ ಕಡಿಮೆಯಾದರು. ಎರಡು ಕುಕ್ಕೆ ಅನ್ನ ಉಳಿಯಿತು. ಅನ್ನವನ್ನು ಬಿಸಾಡುವುದು ಪಾಪ ಎಂದು ಅಜ್ಜಿ ಅದನ್ನು ಹಾಗೆಯೇ ಮುಚ್ಚಿಡಿಸಿದರು. ಬೆಳಿಗ್ಗೆ ನೋಡಿದರೆ ಅನ್ನ ಹಳಸಿರಲಿಲ್ಲ, ವಾಸನೆಯೂ ಇರಲಿಲ್ಲ. ಅರ್ಧ ಅನ್ನಕ್ಕೆ ಒಗ್ಗರಣೆ ಹಾಕಿ ನಿಂಬೆ ಹಿಂಡಿ ಚಿತ್ರಾನ್ನ ಮಾಡಿದರು. ಉಳಿದರ್ಧವನ್ನು ಕೊಟ್ಟಿಗೆಯಲ್ಲಿದ್ದ ಹಸುವಿನ ಬಾನಿಗೆ ಸುರಿದರು. ಅದು ಅಪ್ಪ ಸಾಲ ಮಾಡಿ ತಂದಿದ್ದ ಮಿಶ್ರತಳಿ ಹಸು. ಕರು ಹಾಕಿ ಇನ್ನೂ ಎರಡು ತಿಂಗಳಾಗಿರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ವಾಂತಿ ಮಾಡತೊಡಗಿದರು. ಸಂಜೆಯ ವೇಳೆಗೆ ಸುಸ್ತಾದರೂ ಎಲ್ಲರೂ ಚೇತರಿಸಿಕೊಂಡರು. ಹಸು ಆ ಸಂಜೆ ಮೇವು ಮುಟ್ಟಲಿಲ್ಲ. ಮಾರನೆಯ ದಿನ ಮೆಲುಕು ಹಾಕಲಿಲ್ಲ, ನೀರಿನಂತೆ ಸಗಣಿ ಹಾಕಿತು, ತೂರಾಡಿತು. ಮೂರನೆಯ ದಿನ ಬೆಳಿಗ್ಗೆ ಮಲಗಿದ್ದು ಏಳಲಿಲ್ಲ. ದೃಷ್ಟಿ ತಗುಲಿತು ಎಂದು ಊರಿನವರು ಹೇಳಿದರು. ಎರಡು ವರ್ಷ ಹಾಲಿಲ್ಲದ ಮನೆಯಲ್ಲಿ ಕುಳಿತು ನಾವು ಹಸುವಿನ ಸಾಲ ತೀರಿಸಿದೆವು.

ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ ನನಗೆ ಕಾರಣ ತಿಳಿಯಿತು. ಅದು ದೃಷ್ಟಿಯಲ್ಲ. ಮನುಷ್ಯರಿಗೆ ಒಂದು ಕಾರಣ, ಹಸುವಿಗೆ ಬೇರೊಂದು ಕಾರಣ. ಎರಡೂ ಆ ಒಂದೇ ಚಾಪೆಯ ಅನ್ನದಿಂದ ಬಂದವು.

ಹಾಲಿನಿಂದ ಕಲಿತ ಪಾಠ

ತಾಯಂದಿರೇ, ಈ ವಿಷಯದಲ್ಲಿ ನಿಮಗೆ ಅರ್ಧ ಪಾಠ ಆಗಲೇ ಗೊತ್ತಿದೆ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತನ್ನಿ ಎಂದು ಕಾರ್ಯದರ್ಶಿಯವರು ಏಕೆ ಹೇಳುತ್ತಾರೆ? ಕೆಚ್ಚಲಿನಿಂದ ಬಂದ ಹಾಲು ಸುಮಾರು 38 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರುತ್ತದೆ. ಆ ಬಿಸಿ ಸೂಕ್ಷ್ಮಾಣು ಜೀವಿಗಳಿಗೆ ಬಹಳ ಹಿತ. ಅದಕ್ಕಾಗಿಯೇ ಬಲ್ಕ್ ಕೂಲರಿನಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುತ್ತೇವೆ. ತಣ್ಣಗಾದರೆ ಅವು ಸಾಯುವುದಿಲ್ಲ, ಆದರೆ ಬೆಳೆಯುವುದು ಬಹಳ ನಿಧಾನವಾಗುತ್ತದೆ.

ಬೆಳೆಯುವ ಲೆಕ್ಕ ನೋಡಿ. ಹಿತವಾದ ಬಿಸಿಯಲ್ಲಿ ಇಂಥ ಜೀವಿ 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಒಂದು ಇದ್ದದ್ದು ಒಂದು ಗಂಟೆಗೆ 8. ಎರಡು ಗಂಟೆಗೆ 64. ನಾಲ್ಕು ಗಂಟೆಗೆ 4,096. ಏಳು ಗಂಟೆಗೆ 20 ಲಕ್ಷ ದಾಟುತ್ತದೆ. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಪಾತ್ರೆ ಮುಚ್ಚಿಟ್ಟು ಮಲಗುತ್ತೀರಿ, ಬೆಳಿಗ್ಗೆ ಆರಕ್ಕೆ ತೆರೆಯುತ್ತೀರಿ. ನಡುವೆ ಒಂಬತ್ತು ಗಂಟೆ ಆಗಿರುತ್ತದೆ.

ಸುಮಾರು 5 ಡಿಗ್ರಿಯಿಂದ 60 ಡಿಗ್ರಿಯವರೆಗಿನ ಉಷ್ಣಾಂಶ ಈ ಜೀವಿಗಳು ಬೆಳೆಯುವ ಜಾಗ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳನ್ನು ಪ್ರಕಟಿಸಿತು. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಹೊತ್ತು ಇಡಬೇಡಿ ಎಂಬ ಮಾತು ಅದರಲ್ಲಿದೆ. ನಮ್ಮ ಊರುಗಳ ರಾತ್ರಿ, ಬೇಸಿಗೆಯಾಗಲಿ ಮಳೆಗಾಲವಾಗಲಿ, ಈ 5 ಮತ್ತು 60ರ ನಡುವೆಯೇ ಇರುತ್ತದೆ. ಕೈಗೆ ತಣ್ಣಗೆನಿಸಿದ ಅನ್ನ ಸೂಕ್ಷ್ಮಾಣುವಿಗೆ ತಣ್ಣಗಿಲ್ಲ.

ಹಾಲಿಗೂ ಅನ್ನಕ್ಕೂ ಒಂದು ವ್ಯತ್ಯಾಸವಿದೆ. ಹಾಲು ಕೆಟ್ಟರೆ ಹುಳಿಯಾಗುತ್ತದೆ, ಕಾಯಿಸಿದರೆ ಒಡೆಯುತ್ತದೆ, ತಾನೇ ಹೇಳಿಬಿಡುತ್ತದೆ. ಅನ್ನ ಹಾಗಲ್ಲ. ಹಳಸುವ ಮೊದಲೇ, ವಾಸನೆ ಬರುವ ಮೊದಲೇ ಅದರಲ್ಲಿ ವಿಷ ಸೇರಿರಬಹುದು. ಮೂಗಿನಿಂದ ಪರೀಕ್ಷೆ ಮಾಡಿ ನಂಬಬೇಡಿ.

ಬೆಂದ ಅನ್ನದಲ್ಲಿ ಸೂಕ್ಷ್ಮಾಣು ಎಲ್ಲಿಂದ ಬಂತು?

ಕುದಿಯುವ ನೀರಿನಲ್ಲಿ ಬೆಂದ ಮೇಲೆ ಎಲ್ಲವೂ ಸತ್ತಿರಬೇಕಲ್ಲ ಎಂದು ನೀವು ಕೇಳಬಹುದು. ಹೆಚ್ಚಿನವು ಸಾಯುತ್ತವೆ, ಎಲ್ಲವೂ ಅಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಒಂದು ಸೂಕ್ಷ್ಮಾಣು ಮಣ್ಣಿನಲ್ಲಿರುತ್ತದೆ. ಗದ್ದೆಯಿಂದ ಭತ್ತದ ಜೊತೆ ಅಕ್ಕಿಗೂ ಬರುತ್ತದೆ. ಕಷ್ಟ ಬಂದಾಗ ಅದು ಗಟ್ಟಿ ಹೊದಿಕೆಯ ಬೀಜದಂತಾಗಿ ಕುಳಿತುಬಿಡುತ್ತದೆ. ಬಿಸಿಲಿಗೆ ಒಣಗಿದ ನೆಲದಲ್ಲಿ ಗರಿಕೆಯ ಬೇರು ಉಳಿದು ಮಳೆ ಬಿದ್ದೊಡನೆ ಚಿಗುರುತ್ತದಲ್ಲ, ಹಾಗೆ. ಅನ್ನ ಬೇಯುವ ಬಿಸಿಗೆ ಈ ಬೀಜ ಸಾಯುವುದಿಲ್ಲ. ಅನ್ನ ಆರಿ ಬೆಚ್ಚಗಾದಾಗ ಮೊಳೆತು ಬೆಳೆಯುತ್ತದೆ, ಬೆಳೆಯುತ್ತಾ ಒಂದು ವಿಷ ಬಿಡುತ್ತದೆ. ಆ ವಿಷ 100 ಡಿಗ್ರಿಯ ಕುದಿತಕ್ಕೂ ಹೋಗದು, ಬಾಣಲೆಯ ಒಗ್ಗರಣೆಗೂ ಹೋಗದು. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ತರುತ್ತದೆ.

ಇದನ್ನು ವೈದ್ಯರು ಸರಿಯಾಗಿ ಗುರುತಿಸಿದ್ದು 1970ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ಚೀನೀ ಹೋಟೆಲುಗಳಲ್ಲಿ ಹುರಿದ ಅನ್ನ ತಿಂದವರಿಗೆ ಮತ್ತೆ ಮತ್ತೆ ವಾಂತಿಯಾಗುತ್ತಿತ್ತು. ವಿಚಾರಿಸಿದಾಗ ಕಾರಣ ಸಿಕ್ಕಿತು. ಒಮ್ಮೆಗೇ ಹೆಚ್ಚು ಅನ್ನ ಬೇಯಿಸಿ, ರಾತ್ರಿಯಿಡೀ ಹೊರಗೇ ಇಟ್ಟು, ಮರುದಿನ ಬೇಕಾದಷ್ಟು ತೆಗೆದು ಎಣ್ಣೆಯಲ್ಲಿ ಹುರಿದು ಕೊಡುತ್ತಿದ್ದರು. ನಮ್ಮ ಮನೆಯ ಚಿತ್ರಾನ್ನಕ್ಕೂ ಅದಕ್ಕೂ ಏನು ವ್ಯತ್ಯಾಸ? ಅಲ್ಲಿ ಹಾಕಿದ ಮಸಾಲೆ ಬೇರೆ, ಅಷ್ಟೇ. ಚಿತ್ರಾನ್ನದ ದೋಷವಲ್ಲ ಇದು. ಆಗತಾನೆ ಮಾಡಿದ ಅನ್ನದ ಚಿತ್ರಾನ್ನಕ್ಕೆ ಯಾವ ಭಯವೂ ಇಲ್ಲ. ರಾತ್ರಿ ಅನ್ನ ಎಲ್ಲಿತ್ತು ಎಂಬುದೇ ಮುಖ್ಯ.

ಬೇಳೆ ಸಾರು, ಕಾಳಿನ ಹುಳಿ, ಬಾಡಿನ ಸಾರು ಇವುಗಳಿಗೆ ಇನ್ನೊಂದು ಜಾತಿಯ ಸೂಕ್ಷ್ಮಾಣುವಿನ ಕಾಟವಿದೆ. ಅದರ ಬೀಜವೂ ಕುದಿತಕ್ಕೆ ಸಾಯದು. ದೊಡ್ಡ ಪಾತ್ರೆಯ ತುಂಬಾ ಸಾರು ಮಾಡಿ ಮುಚ್ಚಿಟ್ಟರೆ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಲ್ಲಿ ಅದು ಹುಲುಸಾಗಿ ಬೆಳೆಯುತ್ತದೆ. ಹಬ್ಬದ ಮರುದಿನ, ಜಾತ್ರೆಯ ಮರುದಿನ ಹೊಟ್ಟೆ ನುಲಿತ, ಭೇದಿ ಹೆಚ್ಚುವುದಕ್ಕೆ ಇದೂ ಒಂದು ಕಾರಣ. ರಾತ್ರಿ ಮಲಗುವಾಗ ಒಮ್ಮೆ ಕುದಿಸಿಟ್ಟೆ ಎಂದರೆ ಸಾಲದು. ಕುದಿಸಿದ ಮೇಲೂ ಬೆಳಗಿನವರೆಗೆ ಎಂಟು ಗಂಟೆ ಉಳಿದೇ ಇರುತ್ತದೆ.

ಕೈಯಿಂದಲೂ ಕೆಚ್ಚಲಿನಿಂದಲೂ

ಮೂರನೆಯದು ನಮ್ಮ ಕೈಯಿಂದ ಬರುವಂಥದ್ದು. ಸ್ಟ್ಯಾಫಿಲೋಕಾಕಸ್ ಎಂಬ ಸೂಕ್ಷ್ಮಾಣು ಮೂಗಿನಲ್ಲಿ, ಕುರು, ಕೀವು ತುಂಬಿದ ಗಾಯದಲ್ಲಿ ಇರುತ್ತದೆ. ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲೂ ಇರಬಹುದು. ಬೆಂದ ಆಹಾರವನ್ನು ಬರಿಗೈಯಲ್ಲಿ ಕಲಸಿ ಇಟ್ಟಾಗ ಅದು ಸೇರಿಕೊಳ್ಳುತ್ತದೆ. ಬೆಳೆದು ಅದು ಬಿಡುವ ವಿಷವೂ ಕುದಿತಕ್ಕೆ ಹೋಗುವುದಿಲ್ಲ.

ಇದಕ್ಕೆ ಹಾಲಿನದೇ ಒಂದು ಉದಾಹರಣೆ ಇದೆ. 2000ನೇ ಇಸವಿಯಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ 13 ಸಾವಿರಕ್ಕೂ ಹೆಚ್ಚು ಜನ ಸ್ನೋ ಬ್ರ್ಯಾಂಡ್ ಎಂಬ ದೊಡ್ಡ ಕಂಪನಿಯ ಹಾಲು ಕುಡಿದು ಕಾಯಿಲೆ ಬಿದ್ದರು. ತನಿಖೆ ಮಾಡಿದಾಗ ತಿಳಿದದ್ದು ಹೀಗೆ. ಹಾಲಿನ ಪುಡಿ ಮಾಡುವ ಕಾರ್ಖಾನೆಯಲ್ಲಿ ಕೆಲವು ಗಂಟೆ ವಿದ್ಯುತ್ ಹೋಗಿತ್ತು. ಯಂತ್ರದಲ್ಲಿದ್ದ ಹಾಲು ಬೆಚ್ಚಗೇ ನಿಂತಿತು. ಅಷ್ಟರಲ್ಲಿ ಸ್ಟ್ಯಾಫಿಲೋಕಾಕಸ್ ಬೆಳೆದು ವಿಷ ಬಿಟ್ಟಿತು. ಆಮೇಲೆ ಹಾಲನ್ನು ಕಾಯಿಸಿದರು, ಸೂಕ್ಷ್ಮಾಣು ಸತ್ತವು, ವಿಷ ಉಳಿಯಿತು. ಆ ಪುಡಿ ಬೆರೆಸಿ ತಯಾರಿಸಿದ ಹಾಲು ಮನೆಮನೆಗೆ ಹೋಯಿತು. ಅಷ್ಟು ದೊಡ್ಡ ಡೈರಿಯ ಯಂತ್ರಗಳು ಸರಿಪಡಿಸಲಾಗದ್ದನ್ನು ನಮ್ಮ ಒಲೆಯ ಮೇಲಿನ ಒಂದು ಕುದಿ ಸರಿಪಡಿಸುವುದಿಲ್ಲ.

ಹಿಂದಿನವರು ತಂಗಳು ಉಣ್ಣುತ್ತಿರಲಿಲ್ಲವೇ?

ಉಣ್ಣುತ್ತಿದ್ದರು. ಆದರೆ ಹೇಗೆ ಉಣ್ಣುತ್ತಿದ್ದರು ಎಂಬುದನ್ನು ನೆನಪು ಮಾಡಿಕೊಳ್ಳಿ. ಉಳಿದ ಅನ್ನಕ್ಕೆ, ಮುದ್ದೆಗೆ ರಾತ್ರಿಯೇ ನೀರು ಹಾಕಿ, ಹುಳಿ ಮಜ್ಜಿಗೆ ಬೆರೆಸಿ ಇಡುತ್ತಿದ್ದರು. ಮಜ್ಜಿಗೆಯಲ್ಲಿರುವ ಒಳ್ಳೆಯ ಸೂಕ್ಷ್ಮಾಣುಗಳು ಅದನ್ನು ಹುಳಿ ಮಾಡುತ್ತವೆ. ಚೆನ್ನಾಗಿ ಹುಳಿಯಾದದ್ದರಲ್ಲಿ ನಾನು ಹೇಳಿದ ಕೆಟ್ಟ ಸೂಕ್ಷ್ಮಾಣುಗಳಿಗೆ ಬೆಳೆಯಲು ಕಷ್ಟ. ಹಾಲಿಗಿಂತ ಮೊಸರು ಹೆಚ್ಚು ಹೊತ್ತು ಕೆಡದೆ ಇರುವುದೂ ಇದೇ ಕಾರಣದಿಂದ. ಹುಣಸೆ ಹುಳಿ, ಎಣ್ಣೆ, ಉಪ್ಪು ಹೆಚ್ಚಿರುವ ಪುಳಿಯೋಗರೆ ಬರಿ ಅನ್ನಕ್ಕಿಂತ ಹೆಚ್ಚು ಹೊತ್ತು ತಡೆಯುವುದೂ ಹೀಗೆಯೇ.

ನಾವು ಈಗ ಮಾಡುತ್ತಿರುವುದು ಅದಲ್ಲ. ನೀರೂ ಇಲ್ಲ, ಮಜ್ಜಿಗೆಯೂ ಇಲ್ಲ, ಬರಿ ಅನ್ನವನ್ನು ಕುಕ್ಕರಿನಲ್ಲೇ ಮುಚ್ಚಿ ಮಲಗುತ್ತೇವೆ. ಹಿರಿಯರ ತಂಗಳಿನ ಹೆಸರು ಹೇಳಿ ಇದನ್ನು ಉಣ್ಣುವುದು ಸರಿಯಲ್ಲ. ಇನ್ನೊಂದು ಮಾತೂ ನಿಜ. ಹಿಂದೆಯೂ ಎಷ್ಟೋ ಮಕ್ಕಳು ವಾಂತಿ ಭೇದಿಯಾಗಿ ತೀರಿಕೊಂಡವು. ಅದಕ್ಕೆ ದೃಷ್ಟಿ, ಗಾಳಿ, ಅಜೀರ್ಣ ಎಂಬ ಹೆಸರು ಕೊಟ್ಟೆವು.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ಅಳತೆ ನೋಡಿ ಬೇಯಿಸಿ. ಉಳಿಯದಿರುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಯಾರು ಊಟಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂದು ಕೇಳಿ ಒಲೆಗೆ ಇಡಿ. ಗಂಡಸರು ಹೊರಗೆ ಊಟ ಮಾಡಿ ಬರುವುದಿದ್ದರೆ ಮೊದಲೇ ಹೇಳಿ ಹೋಗಲಿ.

2. ಫ್ರಿಜ್ ಇದ್ದವರು ಉಳಿದದ್ದನ್ನು ಅಡುಗೆಯಾದ 2 ಗಂಟೆಯೊಳಗೆ ಒಳಗಿಡಿ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ. ಸಾರನ್ನು ಸಣ್ಣ ಪಾತ್ರೆಗಳಿಗೆ ಹಾಕಿ, ಆ ಪಾತ್ರೆಗಳನ್ನು ತಣ್ಣೀರಿನಲ್ಲಿ ನಿಲ್ಲಿಸಿ. ಹಾಲಿನ ಕ್ಯಾನನ್ನು ನೀರಿನ ತೊಟ್ಟಿಯಲ್ಲಿ ಇಡುತ್ತಿದ್ದ ಹಾಗೆಯೇ ಇದು. ಮಾರನೆಯ ದಿನವೇ ಬಳಸಿ ಮುಗಿಸಿ.

3. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಂಪು ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟು ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟ ಆಹಾರವೂ ಹೊರಗಿಟ್ಟಂತೆಯೇ.

4. ಫ್ರಿಜ್ಜಿನಿಂದ ತೆಗೆದದ್ದನ್ನು ಬರಿ ಬೆಚ್ಚಗೆ ಮಾಡಬೇಡಿ. ನಡುಭಾಗದವರೆಗೂ ಹಬೆಯಾಡುವಂತೆ ಬಿಸಿ ಮಾಡಿ, ಒಮ್ಮೆ ಮಾತ್ರ. ಮತ್ತೆ ಉಳಿದರೆ ಇಡಬೇಡಿ.

5. ಫ್ರಿಜ್ ಇಲ್ಲದವರು ಉಳಿದ ಅನ್ನವನ್ನು ತಂಗಳು ಮಾಡುವುದಾದರೆ ಊಟ ಮುಗಿದ ಕೂಡಲೇ ಮಾಡಿ. ಆರಿದ ಅನ್ನ ಮುಳುಗುವಷ್ಟು ಕುದಿಸಿ ಆರಿಸಿದ ನೀರು, ಜೊತೆಗೆ ಧಾರಾಳವಾಗಿ ಹುಳಿ ಮಜ್ಜಿಗೆ ಹಾಕಿ. ಮಧ್ಯರಾತ್ರಿಗೋ ಬೆಳಿಗ್ಗೆಗೋ ಹಾಕಿದರೆ ಪ್ರಯೋಜನವಿಲ್ಲ, ಆಗಲೇ ಆದ ವಿಷವನ್ನು ಮಜ್ಜಿಗೆ ತೆಗೆಯುವುದಿಲ್ಲ. ಹೀಗೆ ಮಾಡಿದ್ದು ಬರಿ ಅನ್ನಕ್ಕಿಂತ ವಾಸಿ, ಫ್ರಿಜ್ಜಿಗೆ ಸಮವಲ್ಲ. ಚಿಕ್ಕ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ವಯಸ್ಸಾದವರಿಗೆ, ಕಾಯಿಲೆಯಿಂದ ಎದ್ದವರಿಗೆ ಬಿಸಿ ಅನ್ನವನ್ನೇ ಕೊಡಿ.

6. ಬಡಿಸಲು ಸೌಟು ಬಳಸಿ. ಕೈಯಲ್ಲಿ ಗಾಯ, ಕುರು ಇದ್ದವರು ಅಡುಗೆ ಕಲಸಬೇಡಿ. ಹಾಲು ಕರೆದ ಮೇಲೆ, ಸಗಣಿ ಬಾಚಿದ ಮೇಲೆ ಸೋಪು ಹಾಕಿ ಕೈ ತೊಳೆದು ಒಲೆಯ ಬಳಿ ಹೋಗಿ.

7. ಕೆಚ್ಚಲು ಬಾವು ಬಂದ ಮೊಲೆಯ ಹಾಲನ್ನು ಸಂಘಕ್ಕೂ ಹಾಕಬೇಡಿ, ಕಾಯಿಸಿ ಮನೆಗೂ ಬಳಸಬೇಡಿ.

8. ವಾಂತಿ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಮಗು ಮಂಕಾದರೆ, ಮೂತ್ರ ನಿಂತರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಸುವಿನ ಬಾನಿಗೆ ಸುರಿಯುವ ಮುನ್ನ

ಈಗ ಪ್ರಶ್ನೆಯ ಎರಡನೆಯ ಭಾಗ. ಅಕ್ಕಿ ತೊಳೆದ ನೀರು, ಪಾತ್ರೆಗೆ ಅಂಟಿದ ನಾಲ್ಕು ಅಗುಳು, ತರಕಾರಿ ಸಿಪ್ಪೆ ಸೇರಿದ ಕಲಗಚ್ಚು ಕುಡಿದು ನಮ್ಮ ಹಸುಗಳು ಬೆಳೆದಿವೆ. ಅದರಿಂದ ತೊಂದರೆಯಿಲ್ಲ. ತೊಂದರೆ ಬರುವುದು ಕುಕ್ಕೆಗಟ್ಟಲೆ ಅನ್ನ, ಮುದ್ದೆ, ಪಾಯಸ, ಹೋಳಿಗೆ ಹಾಕಿದಾಗ.

ಹಸುವಿನ ದೊಡ್ಡ ಹೊಟ್ಟೆ ಹುಲ್ಲು ಅರಗಿಸುವ ಸೂಕ್ಷ್ಮಾಣುಗಳ ಮನೆ. ಹುಲ್ಲು ನಿಧಾನವಾಗಿ ಅರಗುತ್ತದೆ. ಬೆಂದ ಅನ್ನದಲ್ಲಿರುವ ಪಿಷ್ಟ ಬಹಳ ಬೇಗ ಹುಳಿಯುತ್ತದೆ. ಒಮ್ಮೆಲೇ ಹೆಚ್ಚು ಪಿಷ್ಟ ಬಿದ್ದರೆ ಆಮ್ಲ ಮಾಡುವ ಸೂಕ್ಷ್ಮಾಣುಗಳು ಮಿತಿಮೀರಿ ಬೆಳೆಯುತ್ತವೆ. ಅಡುಗೆ ಮನೆಯ ಪಾತ್ರೆಯಲ್ಲಿ ನೋಡಿದ ದುಪ್ಪಟ್ಟಿನ ಲೆಕ್ಕವೇ ಇಲ್ಲಿ ಹಸುವಿನ ಹೊಟ್ಟೆಯೊಳಗೆ ನಡೆಯುತ್ತದೆ. ಹೊಟ್ಟೆ ಹುಳಿಯಾಗಿ ಹುಲ್ಲು ಅರಗಿಸುವ ಸೂಕ್ಷ್ಮಾಣುಗಳು ಸಾಯುತ್ತವೆ. ಆಮ್ಲ ರಕ್ತಕ್ಕೂ ಸೇರುತ್ತದೆ. ಇದಕ್ಕೆ ಆಮ್ಲತೆ ಎನ್ನುತ್ತೇವೆ. ಅನ್ನ ಹಳಸಿರಲೇಬೇಕೆಂದಿಲ್ಲ, ಬಿಸಿ ಅನ್ನವಾದರೂ ಹೀಗೆಯೇ ಆಗುತ್ತದೆ.

ಗುರುತುಗಳು ಇವು: ಮೇವು ಬಿಡುವುದು, ಮೆಲುಕು ನಿಲ್ಲುವುದು, ಹಲ್ಲು ಕಡಿಯುವುದು, ಹೊಟ್ಟೆ ಉಬ್ಬುವುದು, ಹುಳಿ ವಾಸನೆಯ ನೀರು ಸಗಣಿ, ಕಣ್ಣು ಒಳಗೆ ಹೋಗುವುದು, ತೂರಾಡುವುದು, ಕೊನೆಗೆ ಮಲಗಿಬಿಡುವುದು. ಇವು ಒಂದೆರಡು ದಿನದಲ್ಲಿ ಪ್ರಾಣ ತೆಗೆಯಬಹುದು. 2024ರ ಜೂನ್ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಕೊಟ್ಟಿಗೆಯಲ್ಲಿ ಪರೋಟ ಮತ್ತು ಹಲಸಿನ ಹಣ್ಣು ತಿಂದ ಐದು ಹಸುಗಳು ಹೀಗೆ ಸತ್ತವು. ಪ್ರೀತಿಯಿಂದಲೇ ಹಾಕಿದ ಆಹಾರ ಅದು.

ಪ್ರಾಣ ಹೋಗದಿದ್ದರೂ ನಷ್ಟ ತಪ್ಪದು. ದಿನವೂ ಸ್ವಲ್ಪ ಹೆಚ್ಚಾಗಿಯೇ ಅನ್ನ ಹಾಕುವ ಮನೆಯಲ್ಲಿ ಹಾಲಿನ ಫ್ಯಾಟ್ ಇಳಿಯುತ್ತದೆ, ಗೊರಸು ನೋಯುತ್ತದೆ. ಸಂಘದಲ್ಲಿ ಫ್ಯಾಟ್ ಕಡಿಮೆ ಬಂತೆಂದು ಕಾರ್ಯದರ್ಶಿಯವರೊಡನೆ ಜಗಳವಾಡುವ ಮೊದಲು ಬಾನಿಯೊಳಗೆ ಒಮ್ಮೆ ನೋಡಿ.

ಹಸು ಹೆಚ್ಚು ಅನ್ನ ತಿಂದಿದೆ ಎಂದು ಗೊತ್ತಾದ ಕೂಡಲೇ, ಗುರುತು ಕಾಣುವವರೆಗೆ ಕಾಯದೆ, ಪಶುವೈದ್ಯರಿಗೆ ತಿಳಿಸಿ. ಎಷ್ಟು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು ಎಂದು ಸರಿಯಾಗಿ ಹೇಳಿ. ಹಿಂಡಿ, ಬೂಸ ನಿಲ್ಲಿಸಿ, ಒಣ ಹುಲ್ಲು ಮಾತ್ರ ಹಾಕಿ. ಯಾರೋ ಹೇಳಿದರೆಂದು ಗೊಟ್ಟದಿಂದ ಬಲವಂತವಾಗಿ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋದೀತು. ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕ ಹಸುವನ್ನು ಉಳಿಸಬಹುದು. ಮಲಗಿದ ಮೇಲೆ ಕರೆದರೆ ನಮಗೂ ಕಷ್ಟ.

ಬೂಷ್ಟು ಹಿಡಿದ ಅನ್ನ, ಬ್ರೆಡ್ಡು, ಹಿಂಡಿ ಯಾವುದನ್ನೂ ಹಸುವಿಗೆ ಹಾಕಬೇಡಿ. ಕೆಲವು ಬೂಷ್ಟುಗಳ ವಿಷ ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ.

ಹಾಗಾದರೆ ಉಳಿದದ್ದನ್ನು ಎಲ್ಲಿ ಹಾಕುವುದು? ಗೋಬರ್ ಗ್ಯಾಸ್ ಇದ್ದವರು ಸಗಣಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಕಲಸಿ ಹಾಕಬಹುದು. ಇಲ್ಲದವರು ತಿಪ್ಪೆಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಮದುವೆ, ತಿಥಿ, ಗೃಹಪ್ರವೇಶಗಳಲ್ಲಿ ಅನ್ನ ಹೆಚ್ಚಾಗಿದೆ ಎಂದು ತಿಳಿದ ಕೂಡಲೇ, ಅದಿನ್ನೂ ಬಿಸಿಯಾಗಿರುವಾಗಲೇ, ನಾಲ್ಕು ಮನೆಗೆ ಹಂಚಿಬಿಡಿ. ಹಂಚುವ ಕೆಲಸ ಅದೇ ರಾತ್ರಿ ಆಗಬೇಕು.

ತಾಯಂದಿರೇ, ಅನ್ನ ಬಿಸಾಡಬಾರದು ಎಂದ ನಮ್ಮ ಅಜ್ಜಿಯ ಮಾತು ತಪ್ಪಲ್ಲ. ಆದರೆ ಅನ್ನವನ್ನು ಉಳಿಸಬೇಕಾದದ್ದು ರಾತ್ರಿ ಒಂಬತ್ತು ಗಂಟೆಗೆ. ಬೆಳಿಗ್ಗೆ ಉಳಿಸಲು ಹೋದರೆ ಅನ್ನವೂ ಉಳಿಯದು, ಮನೆಯವರ ಆರೋಗ್ಯವೂ ಉಳಿಯದು, ಕೊಟ್ಟಿಗೆಯ ಹಸುವೂ ಉಳಿಯದು. ಕರೆದ ಹಾಲಿನ ಬಗ್ಗೆ ನೀವು ವಹಿಸುವ ಎಚ್ಚರವನ್ನು ಬೇಯಿಸಿದ ಅನ್ನದ ಬಗ್ಗೆಯೂ ವಹಿಸಿ. ಇಂದು ಮನೆಗೆ ಹೋದ ಮೇಲೆ ಈ ವಿಷಯವನ್ನು ಅತ್ತೆ, ಸೊಸೆ, ಅಕ್ಕಪಕ್ಕದವರ ಜೊತೆ ಮಾತನಾಡಿ. ಪ್ರಶ್ನೆ ಕೇಳಿದ ಆ ತಾಯಿಗೆ ನನ್ನ ವಿಶೇಷ ವಂದನೆಗಳು.